ಎಂಬತ್ತನಾಲ್ಕು ಕೊಂಡಿಗಳ ಪದ್ಯ

ಕಾರ್ಖಾನೆಯ ಹಿಂಬದಿಯಲ್ಲಿ, ಎಣ್ಣೆಯ ಪೀಪಾಯಿಗಳನ್ನು ಪೇರಿಸಿಟ್ಟ ಓಣಿಯನ್ನು ದಾಟಿದರೆ, ಕಿಟಕಿಯಿಲ್ಲದ ಒಂದು ಕೋಣೆ. ಅದರೊಳಗೆ ಇನ್ನೊಂದು ಕೋಣೆ. ನಡುವೆ ಎರಡು ಬೆರಳು ದಪ್ಪದ ಗಾಜು. ಒಳಗೋಣೆಯಲ್ಲಿ ಸರಪಳಿ ಓಡುತ್ತದೆ, ಹೊರಗೋಣೆಯಲ್ಲಿ ಒಬ್ಬ ಮನುಷ್ಯ ಕುಳಿತಿರುತ್ತಾನೆ. ಎಂಟು ವರ್ಷಗಳಲ್ಲಿ ಸರಪಳಿಗಳು ನಾಲ್ಕು ಸಲ ಬದಲಾಗಿದ್ದವು, ಕುರ್ಚಿಯ ಹೊದಿಕೆ ಎರಡು ಸಲ ಬದಲಾಗಿತ್ತು. ಕುಳಿತವರು ಮಾತ್ರ ಅವರೇ.

ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದು, ಕಾರ್ಖಾನೆಯ ಬಾಯಲ್ಲಿ ಅವರು ಕೊಂಡಿರಾಯರಾಗಿದ್ದರು. ಐವತ್ತೊಂದು ವಯಸ್ಸು, ನೆಟ್ಟಗಿನ ಮೈ, ಆದರೆ ಕತ್ತು ಮಾತ್ರ ಗಾಜಿನ ಕಡೆಗೆ ತುಸು ವಾಲಿದ್ದು. ಬೆಳಿಗ್ಗೆ ಸ್ನಾನ ಮಾಡಿ, ದೇವರ ಮುಂದೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, ತಾಯಿ ಕಲಿಸಿದ ಪದ್ಯವೊಂದನ್ನು ಹೇಳಿಕೊಂಡು ಹೊರಡುವುದು ಅವರ ವಾಡಿಕೆ. ಆ ಪದ್ಯವೇ ಅವರನ್ನು ಆ ಕೋಣೆಯಲ್ಲಿ ಕೂಡಿಹಾಕಿತ್ತೆಂಬುದು ಅವರಿಗೆ ತಿಳಿದಿರಲಿಲ್ಲ.

ಅವರ ಕೆಲಸವನ್ನು ಅರಿಯದವರಿಗೆ ಎರಡು ಮಾತಿನಲ್ಲಿ ಹೇಳಬಹುದು. ಸಾಮಾನ್ಯ ವಾಹನದಲ್ಲಿ ಗೇರುಗಳೆಂದರೆ ಹಲ್ಲಿನ ಚಕ್ರಗಳು. ಒಂದು, ಎರಡು, ಮೂರು ಎಂದು ಮೆಟ್ಟಿಲು ಹತ್ತಿದಂತೆ ಏರಬೇಕು. ಇನ್ನೊಂದು ಬಗೆಯ ವಾಹನದಲ್ಲಿ ಮೆಟ್ಟಿಲುಗಳೇ ಇಲ್ಲ, ಇಳಿಜಾರು ಮಾತ್ರ. ಶಂಕುವಿನಾಕಾರದ ಉಕ್ಕಿನ ತಟ್ಟೆಗಳ ಎರಡು ಜೋಡಿ. ಅವುಗಳ ನಡುವೆ ಒಂದು ಸರಪಳಿ. ಜೋಡಿಯ ತಟ್ಟೆಗಳು ಹತ್ತಿರ ಸರಿದರೆ ಸರಪಳಿ ಮೇಲಕ್ಕೇರುತ್ತದೆ, ದೂರ ಸರಿದರೆ ಕೆಳಕ್ಕಿಳಿಯುತ್ತದೆ. ವಾಹನದ ವೇಗ ಜರ್ಕಿಲ್ಲದೆ ಬದಲಾಗುತ್ತದೆ. ಸರಪಳಿಗೆ ಹಿಡಿದುಕೊಳ್ಳಲು ಹಲ್ಲಿಲ್ಲ. ಕೊಂಡಿಗಳನ್ನು ಪೋಣಿಸಿದ ಪಿನ್ನುಗಳ ತುದಿಗಳು ತಟ್ಟೆಯ ಮೈಗೆ ಒತ್ತಿಕೊಂಡು, ಆ ಒತ್ತಡದ ಬಲದಿಂದಲೇ ಇಡೀ ಬಂಡಿಯನ್ನು ಎಳೆಯಬೇಕು. ಅಂಥ ಸರಪಳಿ ವರ್ಷಾನುಗಟ್ಟಲೆ ಕಿತ್ತುಹೋಗದೆ ಬಾಳುವಂತೆ ರೂಪಿಸುವುದು ಕೊಂಡಿರಾಯರ ಪಾಲಿಗೆ ಬಂದ ಕೆಲಸ.

ಬಾಳುವುದಷ್ಟೇ ಸಾಲದು, ಕಿರುಚಬಾರದು ಕೂಡ. ಕೊಂಡಿಗಳೆಲ್ಲ ಒಂದೇ ಉದ್ದವಾಗಿದ್ದರೆ ಪಿನ್ನುಗಳು ಒಂದೇ ಸಮನೆ ತಟ್ಟೆಗೆ ಬಡಿದು, ಬಂಡಿಯೊಳಗೆ ಜೀರುಂಡೆ ಹೊಕ್ಕಂತೆ ಶಬ್ದವೇಳುತ್ತದೆ. ಆದ್ದರಿಂದ ಉದ್ದ, ಗಿಡ್ಡ ಎಂಬ ಎರಡಳತೆಯ ಕೊಂಡಿಗಳನ್ನು ಬೆರೆಸಿ, ಕ್ರಮ ತಪ್ಪಿಸಿ ಪೋಣಿಸಬೇಕು. ಅದಕ್ಕೊಂದು ಕಟ್ಟಳೆಯುಂಟು: ಉದ್ದನೆಯವು ಒಂದರ ಬೆನ್ನಿಗೊಂದು ಮೂರಕ್ಕಿಂತ ಹೆಚ್ಚು ಬರಬಾರದು. ಬಂದರೆ ಅಲ್ಲಿಯ ಪಿನ್ನುಗಳು ಬಾಗಿ, ಪಕ್ಕಪಕ್ಕದ ಎಂಟು ಪ್ಲೇಟುಗಳಿಂದಾದ ಕೊಂಡಿಯಲ್ಲಿ ಭಾರವೆಲ್ಲ ಅಂಚಿನ ಪ್ಲೇಟಿನ ಮೇಲೆ ಬೀಳುತ್ತದೆ.

ಎಂಟು ವರ್ಷಗಳ ಹಿಂದೆ, ಎಂಬತ್ತನಾಲ್ಕು ಕೊಂಡಿಗಳ ಈ ಕ್ರಮವನ್ನು ಬರೆಯಲು ಕುಳಿತಾಗ ಕೊಂಡಿರಾಯರಿಗೆ ತಾಯಿಯ ನೆನಪಾಯಿತು. ಆಕೆ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದವರು. ಮಗನನ್ನು ಊಟದ ಮೇಜಿನ ಬಳಿ ಕೂರಿಸಿ, ಗಿಡ್ಡಕ್ಷರ ಲಘು, ಉದ್ದಕ್ಷರ ಗುರು ಎಂದು ಬೆರಳಿನಿಂದ ತಟ್ಟಿ ತಟ್ಟಿ ಛಂದಸ್ಸು ಕಲಿಸಿದ್ದರು. ತಾವೇ ಒಂದು ಪ್ರಾರ್ಥನಾ ಪದ್ಯವನ್ನು ಕಟ್ಟಿದ್ದರು. ನಾಲ್ಕು ಸಾಲು, ಸಾಲಿಗೆ ಇಪ್ಪತ್ತೊಂದು ಅಕ್ಷರ. ಮೂರು ಗುರುಗಳು ಕೂಡಿದ ಗಣವು ಶುಭವೆಂದು ಹಿಂದಿನವರು ನಂಬಿದ್ದರಷ್ಟೆ. ಆಕೆ ಪದ್ಯವನ್ನು ಅದರಿಂದಲೇ ತೊಡಗಿಸಿ, ಮಗನಿಗೆ ಹೋಗುವಾಗಲೂ ಬರುವಾಗಲೂ ಒಳಿತಾಗಲೆಂದು ಅದರಿಂದಲೇ ಮುಗಿಸಿದ್ದರು. ನಡುವೆ ಎಲ್ಲಿಯೂ ನಾಲ್ಕು ಗುರುಗಳು ಒಟ್ಟಿಗೆ ಬರುತ್ತಿರಲಿಲ್ಲ. ಅಕ್ಷರಗಳು ಎಂಬತ್ತನಾಲ್ಕು, ಕೊಂಡಿಗಳು ಎಂಬತ್ತನಾಲ್ಕು. ಇದು ದೈವವೇ ಕೈಗಿತ್ತ ಲೆಕ್ಕವೆಂದು ಅವರು ಗುರುವಿಗೆ ಉದ್ದ, ಲಘುವಿಗೆ ಗಿಡ್ಡ ಎಂದು ನಾಲ್ಕು ಸಾಲುಗಳ ಕೋಷ್ಟಕವನ್ನು ತುಂಬಿ, ನಕ್ಷೆಗೆ ಸಹಿ ಹಾಕಿದರು. ಪರಿಶೀಲಿಸಿದವರು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓದಿ, ಸರಿಯಿದೆ ಎಂದರು. ಅದು ಪದ್ಯವೆಂದು ಯಾರಿಗೂ ಹೊಳೆಯಲಿಲ್ಲ; ಅವರೂ ಹೇಳಲಿಲ್ಲ. ಉಕ್ಕಿನ ಕೆಲಸದಲ್ಲಿ ಅಮ್ಮನ ಪದ್ಯ ತಂದರೆಂದು ನಕ್ಕಾರು ಎಂಬ ಸಂಕೋಚ.

ಆ ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ನಕ್ಷೆಗೆ ಸಹಿ ಮಾಡಿದವನು ತನ್ನ ಸರಪಳಿ ಎಂಟುನೂರು ಗಂಟೆ ಓಡಿ ತೋರಿಸುವ ತನಕ ಅದರ ಬಳಿಯಿಂದ ಕದಲತಕ್ಕದ್ದಲ್ಲ. ಬೇರೆ ವಿಭಾಗವಿಲ್ಲ, ಬೇರೆ ಊರಿಲ್ಲ. ಸಹಿ ಹಾಕಿದ ದಿನ ಅವರು ಒಂದು ವರ್ಷದ ಮಾತೆಂದುಕೊಂಡಿದ್ದರು. ಮೊದಲ ಸರಪಳಿ ಮುನ್ನೂರು ಗಂಟೆಗೆ ಕಿತ್ತಿತು. ಅದನ್ನು ತಿದ್ದಿ, ಹೊಸದನ್ನು ಮಾಡಿ ಓಡಿಸುವಷ್ಟರಲ್ಲಿ ಎರಡು ವರ್ಷ, ಅದೂ ಕಿತ್ತಿತು. ಮೂರನೆಯದು, ನಾಲ್ಕನೆಯದು. ಕಿತ್ತಾಗಲೆಲ್ಲ ಒಳಗೋಣೆಯಲ್ಲಿ ಸಿಡಿಲೆರಗಿದಂತಾಗಿ, ಚೂರುಗಳು ಎಣ್ಣೆಯ ತೊಟ್ಟಿಯಲ್ಲಿ ಚದರಿ ಬೀಳುತ್ತಿದ್ದವು. ಯಾವ ಕೊಂಡಿಯ ಪಕ್ಕ ಯಾವುದಿತ್ತೆಂದು ಬ್ರಹ್ಮನೂ ಹೇಳಲಾರ. ಅಂಚಿನ ಪ್ಲೇಟು ಸೀಳಿದ್ದು ಮಾತ್ರ ಕಾಣುತ್ತಿತ್ತು. ಪ್ಲೇಟು ಸೀಳಿತೆಂದರೆ ಹದ ಸರಿಯಿಲ್ಲ. ಹದ ಸರಿಯಿಲ್ಲವೆಂದರೆ ತಪ್ಪು ಕುಲುಮೆಯದು.

ಹೀಗೆ ನಾಲ್ಕು ಸಲವೂ ಬೈಗುಳ ತಿಂದವರು ಕುಲುಮೆ ಮೇಸ್ತ್ರಿ. ಉಕ್ಕನ್ನು ಕಾಯಿಸಿ, ತಣಿಸಿ, ಹದ ಮಾಡುವುದರಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ಆ ಮನುಷ್ಯ ನಾಲ್ಕು ಬಾರಿ ತಪ್ಪೊಪ್ಪಿಗೆ ಬರೆದುಕೊಟ್ಟಿದ್ದರು. ಆದರೂ ಮಧ್ಯಾಹ್ನದ ಊಟದ ಡಬ್ಬಿಯನ್ನು ಕೊಂಡಿರಾಯರ ಕೋಣೆಗೇ ತರುತ್ತಿದ್ದರು.

"ಕೊಂಡಿರಾಯ್ರೇ, ನಿಮ್ಮ ಸರಪಳಿ ಓಡಿದ್ರೆ ಭೇಷ್ ಅನ್ನಿಸ್ಕೊಳ್ಳೋರು ನೀವು, ಕಿತ್ರೆ ಬೈಸ್ಕೊಳ್ಳೋನು ನಾನು. ಒಳ್ಳೆ ದಾಂಪತ್ಯ ಆಯ್ತಲ್ಲ ಇದು!" ಎಂದು ನಗುವರು.

"ನನ್ನ ನಿಜವಾದ ದಾಂಪತ್ಯ ರೈಲಲ್ಲಿ ನಡೀತಿದೆ ಮೇಸ್ತ್ರೀ" ಎನ್ನುವರು ಕೊಂಡಿರಾಯರು.

ಆ ಮಾತು ಸುಳ್ಳಲ್ಲ. ಅವರ ಹೆಂಡತಿ ಐದು ಗಂಟೆಯ ಪ್ರಯಾಣದ ಇನ್ನೊಂದು ಊರಿನಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರು. ಶಾಲೆ ತೆರೆದಾಗ ಕರೆ ಬಂತು. ಗಂಡನೂ ವರ್ಷದೊಳಗೆ ಬಂದು ಸೇರುವನೆಂಬ ಭರವಸೆಯಿಂದ ಆಕೆ ಹೋದರು. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಇವರು ಅಲ್ಲಿಗೆ, ಯಾವಾಗಲೋ ಒಮ್ಮೆ ಅವರು ಇಲ್ಲಿಗೆ. ಇವರ ಕ್ವಾರ್ಟರ್ಸಿನಲ್ಲಿ ಒಂದು ಮಂಚ, ಒಂದು ಸ್ಟವ್, ಗೋಡೆಗೆ ರೈಲಿನ ವೇಳಾಪಟ್ಟಿ. ಮನೆಯಲ್ಲಿ ಕುಳಿತಾಗಲೂ ಕಿವಿಯೊಳಗೆ ಸರಪಳಿಯ ಗುಂಯ್‌ಗುಡುವಿಕೆ ನಿಲ್ಲುತ್ತಿರಲಿಲ್ಲ. ಗಾಣದೆತ್ತಿಗಾದರೂ ಸಂಜೆ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ.

ಈ ವರ್ಷ ಒಂದು ಬಾಗಿಲು ತೆರೆದಂತಾಯಿತು. ಹೆಂಡತಿಯಿರುವ ಊರಿನಲ್ಲಿದ್ದ ಕಾರ್ಖಾನೆಯ ತರಬೇತಿ ಶಾಲೆಗೆ ನಕ್ಷೆ ಕಲಿಸುವ ಮೇಷ್ಟ್ರು ಬೇಕಾಗಿದ್ದರು. ತಿಂಗಳ ಕೊನೆಯೊಳಗೆ ಬಿಡುಗಡೆಯ ಪತ್ರ ತಂದರೆ ಜಾಗ ಕೊಂಡಿರಾಯರಿಗೆ. ಇಲ್ಲವಾದರೆ ಇನ್ನೊಬ್ಬರಿಗೆ, ಮತ್ತೆ ಬಂದವರ ನಿವೃತ್ತಿಯ ತನಕ ಆ ಜಾಗ ಖಾಲಿಯಾಗುವುದಿಲ್ಲ. ಐದನೆಯ ಸರಪಳಿ ಆಗ ಓಡುತ್ತಿತ್ತು. ಮೇಸ್ತ್ರಿ ಹಟ ತೊಟ್ಟು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹದ ಮಾಡಿದ ಉಕ್ಕು ಅದು. ಐನೂರು ದಾಟಿತು, ಆರುನೂರು ದಾಟಿತು. ಇಬ್ಬರೂ ಆ ಕುರಿತು ಮಾತಾಡುವುದನ್ನೇ ಬಿಟ್ಟರು, ದೃಷ್ಟಿ ತಾಗೀತೆಂದು.

ಏಳುನೂರು ತುಂಬಿದ ದಿನ ಭಾನುವಾರ. ಭಾನುವಾರಗಳಂದು ಮನೆಯವರಿಗೆ ಚೀಟಿ ಕೊಟ್ಟು ಒಳಬಿಡುವ ಪದ್ಧತಿಯಿದ್ದುದರಿಂದ ಹೆಂಡತಿಯೂ ಬಂದಿದ್ದರು. ನೂರು ಗಂಟೆಗೊಮ್ಮೆ ಯಂತ್ರ ನಿಲ್ಲಿಸಿ, ಕೈಚಕ್ರದಿಂದ ಸರಪಳಿಯನ್ನು ಮೆಲ್ಲಗೆ ತಿರುಗಿಸಿ ನೋಡುವುದು ಕ್ರಮ. ಗಾಜಿನ ಬಾಗಿಲು ತೆರೆದು ಕೊಂಡಿರಾಯರು ತಿರುಗಿಸುತ್ತಿದ್ದರೆ, ಹೆಂಡತಿ ಯಂತ್ರದ ಕಬ್ಬಿಣದ ಮೇಜಿನ ಮೇಲೆ ಅಂಗೈ ಊರಿ ನಿಂತರು.

"ರೀ, ಇದು ತಟ್ಟತ್ತೆ!"

"ಒಂದೊಂದು ಕೊಂಡಿ ತಟ್ಟೆಗೆ ಕೂತಾಗ್ಲೂ ತಟ್ಟತ್ತೆ. ಉದ್ದದ್ದು ಸ್ವಲ್ಪ ಜೋರು, ಗಿಡ್ಡದ್ದು ಮೆತ್ತಗೆ."

"ನಮ್ಮ ಮಕ್ಕಳಿಗೆ ನಾನು ತಾಳ ಕಲಿಸೋದೂ ಹೀಗೇನೇ, ಮೇಜಿನ ಮೇಲೆ ಕೈ ಇಡಿಸಿ." ಆಕೆ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ, "ಒಂದು ಕಡೆ ಮಾತ್ರ ಯಾಕೆ ಆರು ಸಲ ಜೋರಾಗಿ ಬರತ್ತೆ?" ಎಂದರು.

"ಮೂರು ಕಣೇ. ಮೂರಕ್ಕಿಂತ ಜಾಸ್ತಿ ಎಲ್ಲೂ ಇಲ್ಲ."

"ಆರು ಕಣ್ರೀ. ದಿನಾ ಇಪ್ಪತ್ತು ಮಕ್ಕಳ ಕೈ ಹಿಡಿದು ಎಣಿಸೋಳು ನಾನು. ಬೇಕಾದ್ರೆ ನೀವೇ ಕೈ ಇಡಿ, ನಾನು ತಿರುಗಿಸ್ತೀನಿ."

ಅವರು ಕೈಯಿಟ್ಟರು. ಆಕೆ ತಿರುಗಿಸಿದರು. ಪದ್ಯದ ನಡುವಿನಿಂದ ತೊಡಗಿತು: ಗಿಡ್ಡ, ಗಿಡ್ಡ, ಉದ್ದ. ತಾಯಿಯ ಬೆರಳು ಊಟದ ಮೇಜನ್ನು ತಟ್ಟಿದಂತೆ ಪದ್ಯ ಅಂಗೈಯೊಳಗೆ ನಡೆಯಿತು. ನಾಲ್ಕನೆಯ ಸಾಲು ಬಂತು, ಅದರ ಕೊನೆಯ ಮೂರು ಗುರುಗಳು ಬಂದವು. ಅಲ್ಲಿ ಅಮ್ಮ ಉಸಿರೆಳೆದುಕೊಳ್ಳುತ್ತಿದ್ದರು, ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು. ಸರಪಳಿಗೆ ಉಸಿರಿಲ್ಲ. ಅದು ಬಳೆಯಂತೆ ಮುಚ್ಚಿದ ವಸ್ತು. ಅದರ ಕೊನೆಯ ಕೊಂಡಿ ಮೊದಲನೆಯದರ ಕೈ ಹಿಡಿದಿದೆ. ಕೊನೆಯ ಮೂರರ ಬೆನ್ನಿಗೇ ಮೊದಲಿನ ಮೂರು. ನಾಲ್ಕು, ಐದು, ಆರು.

ಕೊಂಡಿರಾಯರು ಮೇಜಿನಿಂದ ಕೈ ತೆಗೆದರು. ಕಾಗದದ ಕೋಷ್ಟಕಕ್ಕೆ ಆದಿಯಿತ್ತು, ಅಂತ್ಯವಿತ್ತು. ಓದಿದವರೆಲ್ಲ ಅಂತ್ಯದಲ್ಲಿ ನಿಂತುಬಿಟ್ಟಿದ್ದರು. ಅವರೂ ನಿಂತಿದ್ದರು. ಎಂಟು ವರ್ಷ, ನಾಲ್ಕು ಸರಪಳಿ, ನಾಲ್ಕು ತಪ್ಪೊಪ್ಪಿಗೆ.

"ಆರು ತಾನೆ?" ಎಂದರು ಹೆಂಡತಿ.

"ಹೂಂ" ಎಂದರು ಅವರು. "ಆರೇ."

"ನೋಡಿದ್ರಾ!" ಆಕೆ ಗೆದ್ದ ಮಗುವಿನಂತೆ ನಕ್ಕರು. ಅದರ ಅರ್ಥ ಆಕೆಗೆ ತಿಳಿಯದು, ಇವರು ತಿಳಿಸಲಿಲ್ಲ. ಬಾಗಿಲು ಮುಚ್ಚಿ, ಗುಂಡಿಯೊತ್ತಿ, ಸರಪಳಿಯನ್ನು ಓಡಲು ಬಿಟ್ಟರು. ಇನ್ನುಳಿದದ್ದು ನೂರು ಗಂಟೆ, ಅಂದರೆ ನಾಲ್ಕು ದಿನ ಚಿಲ್ಲರೆ. ಒಂದು ಮಾತಾಡಿದರೆ ನಕ್ಷೆ ರದ್ದು, ಓಟ ರದ್ದು, ತರಬೇತಿ ಶಾಲೆ ರದ್ದು. ಮೇಸ್ತ್ರಿಯ ಉಕ್ಕು ಗಟ್ಟಿಯಾಗಿದೆ, ಓಡಿದರೂ ಓಡೀತು. ಓಡಿದ ಮೇಲೆ ನಿಯಮಕ್ಕೂ ತೃಪ್ತಿ, ಲೋಕಕ್ಕೂ ತೃಪ್ತಿ. ಹೀಗೆ ತಮ್ಮ ಮೂಗಿಗೆ ತಾವೇ ತುಪ್ಪ ಸವರಿಕೊಂಡು ಅವರು ಬಾಯಿಗೆ ಬೀಗ ಹಾಕಿಕೊಂಡರು. ಮರುದಿನ ಬೆಳಿಗ್ಗೆ ದೇವರ ಮುಂದೆ ನಿಂತಾಗ ಪದ್ಯವನ್ನು ಮೂರನೆಯ ಸಾಲಿಗೇ ನಿಲ್ಲಿಸಿ ಹೊರಟರು.

ಆ ನಾಲ್ಕು ದಿನಗಳಲ್ಲಿ ಗಾಜಿನಾಚೆ ಓಡುತ್ತಿದ್ದುದು ಒಂದು ಸರಪಳಿಯಲ್ಲ, ಒಂದು ಗಾಯ. ಎಂಬತ್ತನಾಲ್ಕರಲ್ಲಿ ಆರನ್ನು ಕಣ್ಣು ಹುಡುಕುತ್ತಿತ್ತು. ಆ ವೇಗದಲ್ಲಿ ಕಾಣುವುದು ಬೂದುಬಣ್ಣದ ಒಂದು ಪಟ್ಟಿ ಮಾತ್ರ. ಮೇಸ್ತ್ರಿ ಊಟದ ಡಬ್ಬಿ ತೆರೆದು, "ಏನ್ರೀ ಇದು, ತುತ್ತು ಹಿಡ್ಕೊಂಡು ಧ್ಯಾನ ಮಾಡ್ತಿದೀರಾ? ಹೋಗೋ ಸಂತೋಷಕ್ಕೆ ಊಟಾನೂ ಸೇರ್ತಿಲ್ವಾ?" ಎಂದು ಕೆಣಕಿದರೆ, ಕೊಂಡಿರಾಯರು ಅವರ ಮುಖ ನೋಡಲೂ ಆಗದೆ ಡಬ್ಬಿ ಮುಚ್ಚುವರು.

ಗುರುವಾರ ರಾತ್ರಿ ಸರಪಳಿ ಎಂಟುನೂರು ಮುಟ್ಟಿತು. ಕಿತ್ತಿರಲಿಲ್ಲ. ಶುಕ್ರವಾರ ವಿಭಾಗದ ಮ್ಯಾನೇಜರು ತಾವಾಗಿಯೇ ಕೋಣೆಗೆ ಬಂದು, ಬಿಡುಗಡೆಯ ಪತ್ರವನ್ನು ಅವರ ಕೈಗಿತ್ತರು. "ಇನ್ನೊಂದೇ ಬಾಕಿ ನೋಡಿ. ನಾಳೆ ಬಿಚ್ಚಿ, ಬಣ್ಣದ ಪರೀಕ್ಷೆ ಮುಗಿಸಿ ಸಹಿ ಹಾಕ್ಬಿಡಿ. ಓಡಿದ ಸರಪಳಿಗೆ ಅದೊಂದು ಶಾಸ್ತ್ರ" ಎಂದರು. ಹೆಂಡತಿಗೆ ಫೋನು ಮಾಡಿದಾಗ ಆಕೆ, "ಬೀರುವಿನ ಅರ್ಧ ಖಾಲಿ ಮಾಡಿದೀನಿ. ಮೇಲಿನ ಎರಡು ಖಾನೆ ನಿಮ್ಮದು, ಜಗಳ ಆಡಬೇಡಿ" ಎಂದರು.

ಶನಿವಾರ ಹನ್ನೊಂದರ ಹೊತ್ತಿಗೆ ಕೊಂಡಿಗೆ ಎಂಟರಂತೆ ಆರುನೂರ ಎಪ್ಪತ್ತೆರಡು ಪ್ಲೇಟುಗಳು ಬಿಳಿಯ ಬಟ್ಟೆಯ ಮೇಲೆ ಸಾಲಾಗಿ ಮಲಗಿದ್ದವು. ಕೆಂಪು ಬಣ್ಣದಲ್ಲಿ ಅದ್ದಿ, ಒರೆಸಿ, ಬಿಳಿಯ ಪುಡಿ ಸಿಂಪಡಿಸಿದರೆ, ಬಿರುಕಿನೊಳಗೆ ಇಳಿದ ಬಣ್ಣ ಮೇಲೆದ್ದು ಗೆರೆಯಾಗಿ ಕಾಣುತ್ತದೆ. ಮೇಸ್ತ್ರಿ ಎದುರಿಗೆ ಸ್ಟೂಲು ಹಾಕಿಕೊಂಡು ಒಂದೊಂದನ್ನೇ ಒರೆಸಿಕೊಟ್ಟರು. ಕೊಂಡಿರಾಯರು ಮಸೂರದಡಿ ನೋಡಿ ಬದಿಗಿಟ್ಟರು. ಪ್ಲೇಟುಗಳು ಕ್ರಮವಾಗಿಯೇ ಬರುತ್ತಿದ್ದವು. ಎಂಬತ್ತೆರಡು ಕೊಂಡಿಗಳು ಕಳೆದವು. ಎಂಬತ್ತಮೂರನೆಯ ಕೊಂಡಿಯ ಅಂಚಿನ ಪ್ಲೇಟಿನಲ್ಲಿ, ಪಿನ್ನು ಕೂರುವ ರಂಧ್ರದ ಅಂಚಿನಿಂದ ಕೂದಲೆಳೆಯಷ್ಟು ಸಣ್ಣ ಕೆಂಪುಗೆರೆ ಹೊರಟಿತ್ತು.

ಅವರು ಮಸೂರದಿಂದ ಕಣ್ಣು ತೆಗೆಯಲಿಲ್ಲ. ಬಟ್ಟೆಯಿಂದ ಒಮ್ಮೆ ಒರೆಸಿದರೆ ಗೆರೆ ಮಾಯ. ಜೇಬಿನಲ್ಲಿ ಪತ್ರ, ಆ ಊರಿನಲ್ಲಿ ಖಾಲಿಯಾದ ಎರಡು ಖಾನೆ. ಇದೇ ಕ್ರಮದ ಸರಪಳಿ ನಾಳೆ ಸಾವಿರ ಬಂಡಿಗಳಲ್ಲಿ ಓಡುತ್ತದೆ. ಎಲ್ಲ ಸರಪಳಿಗಳಿಗೂ ಮೇಸ್ತ್ರಿಯ ಇಂಥ ಉಕ್ಕು ಸಿಗುವುದಿಲ್ಲ.

"ಯಾಕ್ರೀ ಕೊಂಡಿರಾಯ್ರೇ, ಏನಾದ್ರೂ ಕಾಣ್ತಾ?"

"ಬನ್ನಿ" ಎಂದು ಅವರು ಕುರ್ಚಿ ಬಿಟ್ಟೆದ್ದರು. "ನೀವೇ ನೋಡಿ."

ಮೇಸ್ತ್ರಿ ಬಾಗಿ ನೋಡಿದರು. "ಮತ್ತೆ ನನ್ನ ತಲೆಗೇ ಬಂತಲ್ಲ" ಎಂದರು, ದನಿ ಸೋತು. "ಇನ್ನೇನು ಹದ ಮಾಡ್ಲಿ ನಾನು? ಕೈಯಲ್ಲಿದ್ದ ವಿದ್ಯೆ ಎಲ್ಲಾ ಇದಕ್ಕೇ ಸುರಿದೆ."

"ನಿಮ್ಮ ಹದದಿಂದಾನೇ ಇದು ಎಂಟುನೂರು ಓಡಿದ್ದು ಮೇಸ್ತ್ರೀ. ತಪ್ಪು ನಂದು." ಕೊಂಡಿರಾಯರು ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ಜೋಡಿಸಿದರು, ಉದ್ದಕ್ಕೆ ಇಡೀ ಕಡ್ಡಿ, ಗಿಡ್ಡಕ್ಕೆ ಮುರಿದ ಕಡ್ಡಿ. ಮೊದಲು ಸಾಲಾಗಿ ಇಟ್ಟರು. ಆಮೇಲೆ ಸಾಲನ್ನು ಬಗ್ಗಿಸಿ ತುದಿಗೆ ತುದಿ ಮುಟ್ಟಿಸಿದರು. ಆರು ಇಡೀ ಕಡ್ಡಿಗಳು ಒಟ್ಟಿಗೆ ನಿಂತವು. ತಾಯಿಯ ಪದ್ಯದ ವಿಷಯವನ್ನೂ ಮುಚ್ಚಿಡಲಿಲ್ಲ.

ಮೇಸ್ತ್ರಿ ಕಡ್ಡಿಗಳನ್ನು ನೋಡಿದರು, ಇವರನ್ನು ನೋಡಿದರು. "ನಾಲ್ಕು ಸರಪಳಿಗೂ ಇದೇನಾ?"

"ನಾಲ್ಕಕ್ಕೂ."

"ನಾನು ಬರ್ಕೊಟ್ಟ ಆ ನಾಲ್ಕು ಕಾಗದ?"

"ನಾನು ಬರೀಬೇಕಾಗಿದ್ದು." ಅವರು ಇನ್ನೂ ಒಂದು ಮಾತು ಸೇರಿಸಿದರು: "ಭಾನುವಾರವೇ ಗೊತ್ತಾಗಿತ್ತು ನನಗೆ. ಸುಮ್ನಿದ್ದೆ. ಬೈಯ್ರಿ."

"ಬೈಯೋಕೂ ಕೂತ್ಕೋಬೇಕು. ಆ ಕುರ್ಚಿ ಈ ಕಡೆ ತಳ್ಳಿ." ಕುಳಿತರು, ಆದರೆ ಬೈಯಲಿಲ್ಲ. ತಮ್ಮ ಸುಟ್ಟ ಕಲೆಗಳ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡಿದರು. ಬಳಿಕ, "ನಿಮ್ಮಮ್ಮ ಕೊನೇ ಸಾಲನ್ನ ಬೇರೆ ಥರ ಬರೆದಿದ್ರೆ ಇಷ್ಟು ಹೊತ್ತಿಗೆ ನಾನೂ ಮ್ಯಾನೇಜರ್ ಆಗಿರ್ತಿದ್ದೆ" ಎಂದರು. ನಗು ಬರಲಿಲ್ಲ, ಇಬ್ಬರಿಗೂ. ಆ ದಿನ ಮೇಸ್ತ್ರಿ ಊಟದ ಡಬ್ಬಿಯನ್ನು ತಮ್ಮ ಕುಲುಮೆಯ ಬಳಿಗೇ ಒಯ್ದರು.

ಕೊಂಡಿರಾಯರು ವರದಿಯಲ್ಲಿ ಬರೆದರು: ಬಿರುಕು ಇದೆ, ಕಾರಣ ಕೊಂಡಿಗಳ ಕ್ರಮ, ತಪ್ಪು ನಕ್ಷೆ ಬರೆದವನದು, ಹಿಂದಿನ ನಾಲ್ಕೂ ಹಾಗೆಯೇ, ಕುಲುಮೆಯ ದೋಷ ಎಂದೂ ಇರಲಿಲ್ಲ. ಅದರೊಡನೆ ಬಿಡುಗಡೆಯ ಪತ್ರವನ್ನೂ ಮ್ಯಾನೇಜರ ಮೇಜಿನ ಮೇಲಿಟ್ಟರು. ಮ್ಯಾನೇಜರು ಕೆಟ್ಟವರಲ್ಲ, ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿದರು.

"ಮೇಸ್ತ್ರಿ ಬರೆದ ಕಾಗದಗಳನ್ನ ಇವತ್ತೇ ವಾಪಸ್ ತೆಗೆಸ್ತೀನಿ" ಎಂದರು. "ನಿಮ್ಮ ವಿಷಯ... ಏನು ಹೇಳ್ಲಿ ರಾಯ್ರೇ? ನಿಯಮ ಒಂದು ಕಡೆ ಇರಲಿ. ತಪ್ಪು ಎಲ್ಲಿತ್ತು ಅಂತ ಗೊತ್ತಿರೋರು ನೀವೊಬ್ರೇ. ಈಗಂತೂ ನಿಮ್ಮನ್ನ ಬಿಡೋ ಹಾಗೇ ಇಲ್ಲ."

ಸಂಜೆ ಹೆಂಡತಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದರು. ಆಕೆ ಕೇಳಿದ್ದು ಒಂದೇ.

"ಅವತ್ತು ನಾನು ಆರು ಅಂದಾಗಲೇ ಗೊತ್ತಾಯ್ತಾ?"

"ಗೊತ್ತಾಯ್ತು."

"ಆರು ದಿನ ನನ್ನ ಹತ್ರಾನೂ ಬಾಯಿ ಬಿಡಲಿಲ್ಲ. ನಾನು ಇಲ್ಲಿ ಬೀರು ಖಾಲಿ ಮಾಡ್ತಾ ಕೂತಿದ್ದೆ."

"ಹೇಳಿದ್ರೆ ನೀನು ಏನ್ ಅಂತಿದ್ದೆ?"

"ಗೊತ್ತಿಲ್ಲ ಕಣ್ರೀ" ಎಂದರು ಆಕೆ. "ಸುಮ್ನಿರಿ ಅಂತ ಅಂದ್ಬಿಡ್ತಿದ್ನೋ ಏನೋ. ಅದಕ್ಕೇ ಕೇಳಿದ್ದು." ಮತ್ತೆ, "ಆ ಖಾನೆಗಳನ್ನ ಖಾಲೀನೇ ಬಿಟ್ಟಿರ್ತೀನಿ. ನನ್ನ ಸೀರೆ ಅಲ್ಲಿಗೆ ಹಾಕಲ್ಲ" ಎಂದರು.

ತಿಂಗಳು ಮುಗಿಯಿತು. ತರಬೇತಿ ಶಾಲೆಯ ಜಾಗಕ್ಕೆ ಇನ್ನೊಬ್ಬರು ಬಂದರು. ಕೊಂಡಿರಾಯರು ಹೊಸ ಕ್ರಮವನ್ನು ಬರೆದರು. ಈ ಸಲ ಸಾಲುಗಳಲ್ಲಲ್ಲ, ಕೈವಾರದಿಂದ ಎಳೆದ ಒಂದು ವೃತ್ತದ ಸುತ್ತ. ಮೊದಲ ಮೂರು ಸಾಲುಗಳನ್ನು ತಾಯಿ ಕಟ್ಟಿದಂತೆಯೇ ಉಳಿಸಿಕೊಂಡು, ನಾಲ್ಕನೆಯದರ ಕೊನೆಗೆ ಮೂರು ಗುರುಗಳ ಬದಲು ಮೂರು ಲಘುಗಳನ್ನಿಟ್ಟರು. ಬೆಳಗಿನ ಪ್ರಾರ್ಥನೆಯಲ್ಲಿ ಮಾತ್ರ ಪದ್ಯವನ್ನು ತಿದ್ದಲಿಲ್ಲ. ವೃತ್ತದ ಕೆಳಗೆ ಸಹಿ ಹಾಕುವಾಗ, ತಮ್ಮನ್ನು ಇನ್ನೆಷ್ಟು ವರ್ಷಕ್ಕೆ ಕಟ್ಟಿಕೊಳ್ಳುತ್ತಿರುವೆನೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪೆನ್ನು ಒಂದು ಕ್ಷಣ ನಿಂತು, ಮುಂದುವರಿಯಿತು.

ಆರನೆಯ ಸರಪಳಿ ಸಿದ್ಧವಾಗಲು ಹದಿನಾಲ್ಕು ತಿಂಗಳು ಹಿಡಿದವು. ಡಬ್ಬಿ ಹಿಡಿದು ಮೇಸ್ತ್ರಿ ಮತ್ತೆ ಆ ಕೋಣೆಯ ಹೊಸ್ತಿಲು ದಾಟಲು ಅದರಲ್ಲಿ ಮೂರು ತಿಂಗಳು. ಓಟ ತೊಡಗುವ ದಿನ ಭಾನುವಾರವೇ ಆಗುವಂತೆ ಮೇಸ್ತ್ರಿಯೇ ನೋಡಿಕೊಂಡರು. ಏಕೆಂದು ಬಾಯಿಬಿಟ್ಟು ಹೇಳಲಿಲ್ಲ.

ಹೆಂಡತಿ ಬಂದರು. ಕೈಚೀಲವನ್ನು ಮೇಸ್ತ್ರಿಯ ಕೈಗೆ ಕೊಟ್ಟು, ಕಬ್ಬಿಣದ ಮೇಜಿನ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ ನಿಂತರು. ಕೊಂಡಿರಾಯರು ಕೈಚಕ್ರ ತಿರುಗಿಸಿದರು. ಒಂದು ಸುತ್ತು ಮುಗಿಯಿತು. ಇನ್ನೊಂದು ಸುತ್ತು ಎಂದು ಆಕೆ ಬೆರಳಿನಿಂದ ಸನ್ನೆ ಮಾಡಿದರು. ಮೂರನೆಯ ಸುತ್ತೂ ಆಯಿತು.

"ಮೂರು" ಎಂದರು ಕಣ್ಣು ತೆರೆದು. "ಎಲ್ಲೂ ಮೂರಕ್ಕಿಂತ ಜಾಸ್ತಿ ಇಲ್ಲ."

"ಸರಿಯಾಗಿ ಎಣಿಸಿದ್ಯಾ?"

"ನಿಮಗಿಂತ ಸರಿಯಾಗಿ."

ಮೇಸ್ತ್ರಿ ಮುಖ ಅತ್ತ ತಿರುಗಿಸಿ ಕೆಮ್ಮಿದರು. ಆಕೆ ಗೋಡೆಯ ಗಡಿಯಾರ ನೋಡಿ ಕೈಚೀಲ ತೆಗೆದುಕೊಂಡರು. ಮರುದಿನ ಮಕ್ಕಳಿಗೆ ಪರೀಕ್ಷೆ, ರೈಲಿಗೆ ಮುಕ್ಕಾಲು ಗಂಟೆ ಮಾತ್ರ ಉಳಿದಿತ್ತು. ಬಾಗಿಲಲ್ಲಿ ಒಮ್ಮೆ ನಿಂತು, "ಊಟ ಬಿಡಬೇಡಿ" ಎಂದರು. ಕೊಂಡಿರಾಯರು ಗಾಜಿನ ಬಾಗಿಲು ಭದ್ರಪಡಿಸಿ ಗುಂಡಿಯೊತ್ತಿದರು. ಕೊಂಡಿಗಳು ಒಂದರೊಳಗೊಂದು ಕರಗಿ ಬೂದುಬಣ್ಣದ ಪಟ್ಟಿಯಾದವು. ಗುಂಯ್‌ಗುಡುವಿಕೆ ಕೋಣೆಯನ್ನು ತುಂಬಿತು. ಅವರು ತಮ್ಮ ಕುರ್ಚಿಯಲ್ಲಿ ಕುಳಿತರು. ಹೆಂಡತಿಯ ರೈಲು ನಿಲ್ದಾಣ ಬಿಡುವ ಹೊತ್ತಿಗೂ, ಗಂಟೆ ಎಣಿಸುವ ಪೆಟ್ಟಿಗೆಯಲ್ಲಿ ಇನ್ನೂ ಸೊನ್ನೆಯೇ ಇತ್ತು.